ಪುಟ್ಟಿ ಆಪ್ಟೋಮೆಟ್ರಿ ಸೇರೋ ವಿಷಯ: ಭಾವನ ಪ್ರಶ್ನೆಗೆ ನನ್ನ ಉದ್ದನೆಯ ಉತ್ತರ

ಅಕ್ಕಾ, ಭಾವ, ಗ್ರೂಪಲ್ಲಿರೋ ಎಲ್ಲರಿಗೂ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ ಅಂತ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಕೈಕೆಲಸ ಮಾಡ್ಕೊಂಡೇ ಕೇಳಿ. ಪುಟ್ಟಿಗೆ ನೀಟ್‌ನಲ್ಲಿ ಬಂದಿರೋ ಮಾರ್ಕ್ಸಿಗೆ ಎಂಬಿಬಿಎಸ್ ಸಿಗೋ ಹಾಗಿಲ್ಲ, ನಾನು ಓದಿದ ಆಪ್ಟೋಮೆಟ್ರಿಗೇ, ಅಂದ್ರೆ ದೃಷ್ಟಿ ಪರೀಕ್ಷೆ ಮಾಡೋ ಕೋರ್ಸಿಗೇ ಸೇರಿಸೋಣ್ವಾ ಅಂತ ಅಕ್ಕ ಕೇಳಿದ್ಲು. ಅದಕ್ಕೆ ಭಾವ "ಕನ್ನಡಕದ ಅಂಗಡೀಲಿ ನಿಲ್ಲೋಕೆ ನಾಲ್ಕು ವರ್ಷ ಓದ್ಬೇಕಾ" ಅಂತ ಹಾಕಿದ್ರು, ಕೆಳಗೆ ಸಾಲಾಗಿ ನಗೋ ಮುಖಗಳು. ನಗಿ, ಪರವಾಗಿಲ್ಲ. ನನ್ನನ್ನ ನೋಡೋಕೆ ಬಂದ ಹುಡುಗನ ಕಡೆಯೋರೂ ಇದನ್ನೇ ಕೇಳಿದ್ರು. ಈಗ ಆ ಮನೆಯ ಅಷ್ಟೂ ಜನದ ಕನ್ನಡಕದ ನಂಬರ್ ನನಗೆ ಬಾಯಿಪಾಠ.

ಮೊದಲು ಯಾರು ಏನು ಅಂತ ಹೇಳ್ಬಿಡ್ತೀನಿ. ಎಂಬಿಬಿಎಸ್ ಮುಗಿಸಿ, ಅದರ ಮೇಲೆ ಕಣ್ಣಿಗೇ ಅಂತ ಓದಿದೋರು ಕಣ್ಣಿನ ಡಾಕ್ಟ್ರು. ಆಪರೇಷನ್ನು, ಔಷಧಿ ಅವರದು. ಬರೆದು ಕೊಟ್ಟ ನಂಬರ್‌ಗೆ ಗಾಜು ತಿದ್ದಿ ಫ್ರೇಮಿಗೆ ಕೂರಿಸೋರು ಆಪ್ಟೀಷಿಯನ್ನು. ಮಧ್ಯೆ ನಾವು, ಆಪ್ಟೋಮೆಟ್ರಿಸ್ಟುಗಳು. ದೃಷ್ಟಿ ಎಷ್ಟಿದೆ, ಯಾಕೆ ಕಮ್ಮಿ ಆಗಿದೆ, ಕನ್ನಡಕದಲ್ಲೇ ಸರಿಹೋಗುತ್ತಾ ಇಲ್ಲ ಡಾಕ್ಟ್ರ ಹತ್ರ ಕಳಿಸ್ಬೇಕಾ, ಇದನ್ನ ನೋಡೋರು. ಕಾಂಟ್ಯಾಕ್ಟ್ ಲೆನ್ಸೂ ನಮ್ಮದೇ. ಪೊರೆ ಆಪರೇಷನ್ನಲ್ಲಿ ಕಣ್ಣೊಳಗೆ ಹಾಕೋ ಲೆನ್ಸಿಗೆ ಅಳತೆ ತೆಗೆಯೋದೂ ಬಹಳ ಆಸ್ಪತ್ರೆಗಳಲ್ಲಿ ನಾವೇ. ಕಣ್ಣುಗುಡ್ಡೆ ಉದ್ದ ಸುಮಾರು 23-24 ಮಿಲಿಮೀಟರ್ ಇರುತ್ತೆ ಭಾವ. ಅಳೆಯೋವಾಗ ಅದರಲ್ಲಿ 1 ಮಿಲಿಮೀಟರ್ ಹೆಚ್ಚುಕಮ್ಮಿ ಆದ್ರೆ, ಡಾಕ್ಟ್ರು ಎಷ್ಟೇ ಚೆನ್ನಾಗಿ ಆಪರೇಷನ್ ಮಾಡಿರಲಿ, ಆಮೇಲೆ 2.5ರಿಂದ 3ರವರೆಗೂ ನಂಬರ್ ಉಳ್ಕೊಳ್ಳುತ್ತೆ. ಅಂಗಡೀಲಿ ನಿಲ್ಲೋರಿಗೆ ಈ ಚಿಂತೆ ಇರಲ್ಲ.

ನಮ್ಮ ತಾತಂಗೆ ಡಾ. ಎಂ.ಸಿ. ಮೋದಿಯವರ ಕ್ಯಾಂಪಲ್ಲಿ ಪೊರೆ ತೆಗೆದಿದ್ದು ದೊಡ್ಡಪ್ಪಂಗೆ ನೆನಪಿರುತ್ತೆ. ಆಗೆಲ್ಲ ಪೊರೆ ತೆಗೆದು ಒಳಗೆ ಬೇರೆ ಲೆನ್ಸ್ ಹಾಕೋ ಪದ್ಧತಿ ಕ್ಯಾಂಪುಗಳಲ್ಲಿ ಇರಲಿಲ್ಲ. ಅದಕ್ಕೇ ತಾತ ಪ್ಲಸ್ 10ರ ಆಸುಪಾಸಿನ ಆ ಸೋಡಾಬುಡ್ಡಿ ಹಾಕ್ಕೊಂಡು ಓಡಾಡಿದ್ದು. ನಾವು ಮಕ್ಕಳು ಅದನ್ನ ಕದ್ದು ಹಾಕ್ಕೊಂಡು ಜಗಲಿಯಿಂದ ಬೀಳ್ತಿದ್ವಿ, ಬೈಸ್ಕೊಳ್ತಿದ್ವಿ.

ಇನ್ನು ಅತ್ತೆ ಬರೆದಿದ್ರು, ಈಗೆಲ್ಲ ಕಂಪ್ಯೂಟರಲ್ಲಿ ಒಂದು ನಿಮಿಷದಲ್ಲಿ ನಂಬರ್ ಬರುತ್ತಲ್ಲ ಅಂತ. ಬರುತ್ತೆ ಅತ್ತೆ, ಚೀಟಿ ಬರುತ್ತೆ. ನಮ್ಮ ಕೆಲಸ ಶುರುವಾಗೋದು ಅಲ್ಲಿಂದ. ಮಕ್ಕಳು ಆ ಮೆಷೀನೊಳಗೆ ನೋಡ್ತಾ ಕಣ್ಣಿನ ಸ್ನಾಯು ಬಿಗಿ ಹಿಡಿದ್ರೆ ಇಲ್ಲದ ಮೈನಸ್ ತೋರಿಸಿಬಿಡುತ್ತೆ. ಅದಕ್ಕೇ ಡ್ರಾಪ್ಸ್ ಹಾಕಿ ಆ ಸ್ನಾಯು ಸಡಿಲ ಮಾಡಿ, ಕತ್ತಲೆ ರೂಮಲ್ಲಿ ರೆಟಿನೋಸ್ಕೋಪ್ ಅನ್ನೋ ಕೈಲೈಟು ಹಿಡ್ಕೊಂಡು, ಗೆರೆಯಂಥ ಬೆಳಕನ್ನ ಕಣ್ಣುಪಾಪೆ ಮೇಲೆ ಆಡಿಸ್ತೀವಿ. ಒಳಗಿಂದ ಕೆಂಪು ಹೊಳಪೊಂದು ವಾಪಸ್ ಬರುತ್ತೆ. ನಮ್ಮ ಲೈಟು ಹೋದ ಕಡೆಗೇ ಅದೂ ಓಡಿದ್ರೆ ಪ್ಲಸ್ ಗಾಜು ಹಿಡೀತೀವಿ, ಎದುರು ದಿಕ್ಕಿಗೆ ಓಡಿದ್ರೆ ಮೈನಸ್. ಗಾಜು ಬದಲಾಯಿಸ್ತಾ ಬದಲಾಯಿಸ್ತಾ ಒಂದು ಹಂತದಲ್ಲಿ ಓಟ ನಿಂತು ಪಾಪೆ ಪೂರ್ತಿ ಒಂದೇ ಸಲಕ್ಕೆ ಬೆಳಗುತ್ತೆ. ನಾವು 66 ಸೆಂಟಿಮೀಟರ್ ದೂರದಲ್ಲಿ ಕೂತಿದ್ರೆ, ಆ ದೂರದ ಲೆಕ್ಕಕ್ಕೆ ಆಗ ಹಿಡಿದಿರೋ ಗಾಜಿನ ನಂಬರಿಂದ 1.5 ಕಳೆದ್ರೆ ಕಣ್ಣಿನ ನಂಬರ್ ಸಿಕ್ತು. ಮಾತೇ ಬಾರದ ಕೂಸಿಂದೂ ಹೀಗೆ ತೆಗೀಬಹುದು. ಇಂಟರ್ನ್‌ಶಿಪ್ಪಲ್ಲಿ ಆ ಓಟ ನಿಂತಿದ್ದು ಮೊದಲ ಸಲ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡ ದಿನ ನನಗೆ ಈ ಕೋರ್ಸ್ ಇಷ್ಟ ಆಗಿದ್ದು. ಅಲ್ಲಿವರೆಗೂ ನಾನೂ ಪುಟ್ಟಿ ಥರಾನೇ ಮುಖ ಊದಿಸ್ಕೊಂಡಿದ್ದೆ.

ದೊಡ್ಡೋರ ಕಣ್ಣು ನೋಡೋವಾಗ ಲೈಟಿಗಿಂತ ಬಾಯಿಗೆ ಕೆಲಸ ಜಾಸ್ತಿ. "ಒಂದನೇದು ಚೆನ್ನಾಗಿದೆಯಾ, ಎರಡನೇದಾ?" ಅಂತ ಗಾಜು ತಿರುಗಿಸ್ತಾ ಕೇಳ್ತೀವಲ್ಲ, ಅದಕ್ಕೇ ಬೆವರ್ತಾರೆ. ತಪ್ಪು ಹೇಳಿದ್ರೆ ತಪ್ಪು ಕನ್ನಡಕ ಬಂದ್ಬಿಡುತ್ತೆ ಅಂತ ಭಯ. "ಎರಡೂ ಒಂದೇ ಥರ ಇದೆ ಮೇಡಂ" ಅಂತ ಹೆದರ್ಕೊಂಡು ಹೇಳ್ತಾರೆ. ಸಿಲಿಂಡರ್ ನಂಬರ್, ಅಂದ್ರೆ ಕಣ್ಣಿನ ಬಾಗು ಎಲ್ಲಾ ದಿಕ್ಕಿಗೂ ಒಂದೇ ಸಮ ಇಲ್ಲದಿದ್ರೆ ಕೊಡೋ ನಂಬರ್ ನೋಡೋವಾಗ ನಾವು ಕಾಯ್ತಿರೋದೇ ಆ ಉತ್ತರಕ್ಕೆ, ಎರಡೂ ಒಂದೇ ಅಂದ್ರೆ ನಂಬರ್ ಸರಿಯಾಗಿ ಕೂತಿದೆ ಅಂತ. ಇನ್ನು ಕೆಲವರು ಬಾಗಿಲ ಹತ್ರ ನಿಂತು ಮುಂದಿನೋರು ಓದೋದನ್ನ ಕೇಳಿಸ್ಕೊಂಡೇ ಕೊನೇ ಸಾಲು ಕಲ್ತು ಬರ್ತಾರೆ, ಡ್ರೈವಿಂಗ್ ಕೆಲಸದೋರು ಇದರಲ್ಲಿ ನಿಸ್ಸೀಮರು. ನಾವು ಚಾರ್ಟ್ ಬದಲಾಯಿಸ್ತೀವಿ, ಅವರು ನಗ್ತಾರೆ.

ನಲವತ್ತು ದಾಟಿದೋರಿಗೆ ಓದೋ ನಂಬರ್ ಕೊಡೋ ಮುಂಚೆ ನಾನು ಕೇಳೋದು "ಏನ್ ಕೆಲಸ ಮಾಡ್ತೀರಿ" ಅಂತ. ಪುಸ್ತಕದಲ್ಲಿ ಹತ್ತಿರದ ದೂರ 40 ಸೆಂಟಿಮೀಟರ್ ಅಂತಿರುತ್ತೆ. ದೇವರಾಜ ಮಾರ್ಕೆಟ್ಟಲ್ಲಿ ಮಲ್ಲಿಗೆ ಕಟ್ಟೋ ಅಮ್ಮನ ಕೈ ಮಡಿಲಲ್ಲಿರುತ್ತೆ. ಅಕ್ಕಸಾಲಿಗರು ಒಡವೆಯನ್ನ ಮೂಗಿನ ಹತ್ರಾನೇ ತಗೊಂಡು ಹೋಗ್ತಾರೆ. ಗ್ಯಾರೇಜ್ ಮೆಕ್ಯಾನಿಕ್ಕು ಗಾಡಿ ಕೆಳಗೆ ಅಂಗಾತ ಮಲಗಿ ಮೇಲಕ್ಕೆ ನೋಡ್ತಾನೆ. ಅವನಿಗೆ ಬೈಫೋಕಲ್ ಕೊಟ್ರೆ ಹತ್ತಿರದ ಗಾಜು ಇರೋದು ಕೆಳಗೆ, ಅವನಿಗೆ ಬೇಕಾಗಿರೋದು ಮೇಲೆ. ದುಡ್ಡು ಕೊಟ್ಟು ಮಾಡಿಸ್ಕೊಂಡು ಹೋಗಿ ಪೆಟ್ಟಿಗೇಲಿ ಇಡ್ತಾನೆ. ಈ ವಿಚಾರಣೆ ಯಾವ ಮೆಷೀನೂ ಮಾಡಲ್ಲ ಅತ್ತೆ.

ಅಂದಹಾಗೆ ದೊಡ್ಡಪ್ಪ, ಹೋದ ವಾರ ನೀವು ಗ್ರೂಪಲ್ಲಿ "ಎಪ್ಪತ್ತೈದಾದ್ರೂ ಕನ್ನಡಕ ಇಲ್ದೆ ಪ್ರಜಾವಾಣಿ ಓದ್ತೀನಿ, ಮುಂಚೆ ಆಗ್ತಿರಲಿಲ್ಲ" ಅಂತ ಹಾಕಿದ್ರಿ, ಎಲ್ಲರೂ ಚಪ್ಪಾಳೆ ಹೊಡೆದ್ರು. ಬೇಜಾರು ಮಾಡ್ಕೋಬೇಡಿ. ಪೊರೆ ಬೆಳೀತಾ ಕಣ್ಣೊಳಗಿನ ಲೆನ್ಸು ಗಟ್ಟಿಯಾಗಿ ನಂಬರು ಮೈನಸ್ ಕಡೆ ಸರಿದ್ರೆ ಹತ್ತಿರದ್ದು ಹೀಗೆ ಸ್ವಲ್ಪ ದಿನ ಚೆನ್ನಾಗಿ ಕಾಣುತ್ತೆ, ದೂರದ್ದು ಮಂಜಾಗುತ್ತೆ. ಬಸ್ಸಿನ ಬೋರ್ಡ್ ಓದೋಕೆ ಆಗುತ್ತಾ ನೋಡ್ಕೊಳ್ಳಿ. ಹೇಗಿದ್ರೂ ಒಂದು ಸಲ ಬಂದು ತೋರಿಸಿ.

ಪುಟ್ಟಿಗೆ ಕಷ್ಟದ್ದೂ ಗೊತ್ತಿರಲಿ. ರೈಲ್ವೆ ಲೋಕೋ ಪೈಲಟ್ ಪರೀಕ್ಷೆಗೆ ತಯಾರಿ ಮಾಡ್ಕೊಂಡು, ಕೋಚಿಂಗಿಗೆ ಸಾಲ ಮಾಡಿದ ಹುಡುಗ ಬರ್ತಾನೆ. ಕೆಂಪು ಹಸಿರು ಚುಕ್ಕಿಗಳ ಮಧ್ಯೆ ನಂಬರ್ ಬಚ್ಚಿಟ್ಟಿರೋ ಇಶಿಹಾರಾ ಪುಸ್ತಕ ತೆಗೀತೀವಿ. ಮೊದಲ ಪುಟ ಎಲ್ಲರಿಗೂ ಕಾಣುತ್ತೆ, ಅವನಿಗೂ ಕಾಣುತ್ತೆ. ಮುಂದಿನದು ಕಾಣಲ್ಲ. ಅವನಿಗೆ ಅದುವರೆಗೆ ಅದು ಗೊತ್ತೇ ಇರಲ್ಲ, ಮನೇಲಿ ಯಾರಿಗೂ ಗೊತ್ತಿರಲ್ಲ. ಎಕ್ಸ್ ಕ್ರೋಮೋಸೋಮಿನಲ್ಲಿ ತಾಯಿ ಕಡೆಯಿಂದ ಬರೋದು, ಅದಕ್ಕೇ ಗಂಡುಮಕ್ಕಳಲ್ಲಿ ಜಾಸ್ತಿ. ಔಷಧಿ ಇಲ್ಲ, ಕನ್ನಡಕ ಇಲ್ಲ. ಜತೇಲಿ ತಾಯಿ ಬಂದಿದ್ರೆ ಇದನ್ನ ಹೇಗೆ ಹೇಳೋದು ಅಂತ ಇವತ್ತಿಗೂ ನನಗೆ ನಾಲಿಗೆ ತಡವರಿಸುತ್ತೆ. ಗ್ರೂಪಲ್ಲಿ ಗಂಡುಮಕ್ಕಳಿರೋರು ಎಸ್ಸೆಸ್ಸೆಲ್ಸಿ ಮುಗಿಯೋದ್ರೊಳಗೆ ಒಂದು ಸಲ ಈ ಟೆಸ್ಟ್ ಮಾಡಿಸಿಬಿಡಿ, ಐದು ನಿಮಿಷದ ಕೆಲಸ.

ಸೋಮಾರಿ ಕಣ್ಣಿನ ಮಕ್ಕಳದ್ದು ಇನ್ನೊಂದು ಥರ. ಒಂದು ಕಣ್ಣಿಗೆ ನಂಬರ್ ಜಾಸ್ತಿ, ಇನ್ನೊಂದು ಸರಿಯಿದೆ. ಮಗು ಸರಿಯಿರೋ ಕಣ್ಣಲ್ಲೇ ಎಲ್ಲಾ ನಡೆಸ್ಕೊಂಡು ಹೋಗುತ್ತೆ, ದೂರು ಹೇಳಲ್ಲ. ಏಳೆಂಟು ವರ್ಷದೊಳಗೆ ಗೊತ್ತಾದ್ರೆ ಕನ್ನಡಕ ಕೊಟ್ಟು, ಚೆನ್ನಾಗಿರೋ ಕಣ್ಣನ್ನ ದಿನಾ ಕೆಲವು ಗಂಟೆ ಮುಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಕೊಡ್ತೀವಿ. ಅಪ್ಪ ಅಮ್ಮ ಶ್ರದ್ಧೆಯಿಂದ ಪ್ಯಾಚ್ ಅಂಟಿಸಿ ಆಫೀಸಿಗೆ ಹೋಗ್ತಾರೆ. ಅಜ್ಜಿ "ಅಯ್ಯೋ ಕಂದಂಗೆ ಕಾಣ್ತಿಲ್ಲ" ಅಂತ ಕಿತ್ತು ಹಾಕ್ತಾರೆ. ಆದ್ದರಿಂದ ನಾನು ಈಗ ಅಜ್ಜಿಯನ್ನೇ ಕರ್ಕೊಂಡು ಬನ್ನಿ ಅಂತೀನಿ. ಅವರನ್ನ ಕೂರಿಸಿ, ಮಗುವಿನ ಒಳ್ಳೆ ಕಣ್ಣು ಮುಚ್ಚಿ, ಚಾರ್ಟ್ ಓದಿಸ್ತೀನಿ. ಮೊಮ್ಮಗು ಮೇಲಿನ ಸಾಲನ್ನೇ ತಡವರಿಸೋದನ್ನ ನೋಡಿದ್ಮೇಲೆ ಅಜ್ಜಿಗಿಂತ ಬಿಗಿ ಕಾವಲು ಬೇರೆ ಇಲ್ಲ.

ಸಂಬಳದ ವಿಷಯ ಭಾವ ಕೇಳೇ ಕೇಳ್ತಾರೆ. ಮೊದಲೆರಡು ವರ್ಷ ಬಡತನವೇ. ನಾನು ನೋಡಿದ ಮಟ್ಟಿಗೆ ಹೊಸಬರಿಗೆ ಈಗಲೂ 15-25 ಸಾವಿರದ ಒಳಗೇ ಕೊಡೋದು, ಬೆಂಗಳೂರಲ್ಲಿ ಪೀಜಿ ಬಾಡಿಗೆಗೇ ಅರ್ಧ ಹೋಗುತ್ತೆ. ಕನ್ನಡಕದ ಅಂಗಡಿಗಳು ಸ್ವಲ್ಪ ಜಾಸ್ತಿ ಕೊಡ್ತವೆ, ಹಾಗಂತ ನಾನೂ ಆಸ್ಪತ್ರೆ ಬಿಟ್ಟು ಮಾಲೊಂದರಲ್ಲಿ ಕೆಲಸ ಮಾಡಿದೀನಿ. ಕಣ್ಣು ನೋಡೋಕೆ ಹತ್ತು ನಿಮಿಷ, ಲೆನ್ಸ್ ಮಾರೋಕೆ ಅರ್ಧ ಗಂಟೆ. ತಿಂಗಳಿಗೆ ಇಷ್ಟು ಬ್ಲೂ ಕಟ್, ಅಂದ್ರೆ ನೀಲಿ ಬೆಳಕು ತಡೆಯೋ ಗಾಜು, ಮಾರಾಟ ಆಗ್ಬೇಕು ಅಂತ ಮ್ಯಾನೇಜರ್ ಬೋರ್ಡಲ್ಲಿ ಬರೀತಿದ್ರು. ಬ್ಲೂ ಕಟ್ ಗಾಜಿಂದ ಕಂಪ್ಯೂಟರ್ ನೋಡಿ ಕಣ್ಣು ಆಯಾಸ ಆಗೋದು ಕಮ್ಮಿ ಆಗುತ್ತೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ ಅಂತ ಅಲ್ಲಿವರೆಗಿನ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ 2023ರ ಕಾಕ್ರೇನ್ ವಿಮರ್ಶೆ ಹೇಳ್ತು. ನನಗೆ ಅದನ್ನ ಮಾರೋವಾಗಲೇ ಬಾಯಿ ಕಟ್ಟಿಹೋಗ್ತಿತ್ತು. ವಾರದ ರಜೆ ಮಂಗಳವಾರವೋ ಬುಧವಾರವೋ, ಭಾನುವಾರ ಮಾತ್ರ ಇಲ್ಲ. ಅಂಗಡಿ ಕೆಲಸ ಕೀಳು ಅಂತ ಹೇಳ್ತಿಲ್ಲ, ಪ್ರಾಮಾಣಿಕವಾಗಿ ಸ್ವಂತ ಕ್ಲಿನಿಕ್ ನಡೆಸೋ ನನ್ನ ಕ್ಲಾಸ್‌ಮೇಟುಗಳು ನನಗಿಂತ ಚೆನ್ನಾಗಿ ದುಡೀತಿದಾರೆ. ನನಗೆ ಒಗ್ಗಲಿಲ್ಲ ಅಷ್ಟೆ. ಮದುವೆ ಆಗಿ ಮೈಸೂರಿಗೆ ಬಂದ್ಮೇಲೆ ಟ್ರಸ್ಟ್ ಆಸ್ಪತ್ರೆ ಸೇರ್ಕೊಂಡೆ, ಈಗ ಮಕ್ಕಳ ವಿಭಾಗ, ಜತೆಗೆ ಇಂಟರ್ನ್‌ಗಳಿಗೆ ಹೇಳ್ಕೊಡೋದು.

ಮುಂದೆ ಓದೋರಿಗೆ ಮಾಸ್ಟರ್ಸು, ಪಿಎಚ್‌ಡಿ ಇದೆ, ಮಣಿಪಾಲದಲ್ಲೂ ಇದೆ, 1985ರಲ್ಲಿ ಶುರುವಾದ ಚೆನ್ನೈನ ಎಲೀಟ್ ಸ್ಕೂಲೂ ಇದೆ. ಗಲ್ಫಿಗೆ ಹೋಗೋರು ಅಲ್ಲಿನ ಲೈಸೆನ್ಸ್ ಪರೀಕ್ಷೆ ಬರೀತಾರೆ. ನಮ್ಮ ದೇಶದಲ್ಲಿ 2021ರ ತನಕ ನಮಗೆ ಅಂತ ಒಂದು ಕಾನೂನೇ ಇರಲಿಲ್ಲ. ಆ ವರ್ಷ ಅಲೈಡ್ ಹೆಲ್ತ್‌ಕೇರ್ ಆಯೋಗದ ಕಾಯ್ದೆ ಬಂತು, ಅದರಲ್ಲಿ ಆಪ್ಟೋಮೆಟ್ರಿನೂ ಸೇರಿದೆ. ನಮ್ಮ ಕಾಲಕ್ಕೆ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್ಪು. ಈಗಿನ ಪಠ್ಯಕ್ರಮ ಯಾವುದು, ಎಷ್ಟು ವರ್ಷ ಅಂತ ಕಾಲೇಜಲ್ಲೇ ಕೇಳಿ ಲಿಖಿತವಾಗಿ ತಗೊಳ್ಳಿ. ಬಿಲ್ಡಿಂಗ್ ನೋಡಿ ಮರುಳಾಗಬೇಡಿ. ಕಾಲೇಜಿಗೆ ಸ್ವಂತ ಕಣ್ಣಾಸ್ಪತ್ರೆ ಇದೆಯಾ, ಬೆಳಿಗ್ಗೆ ಓಪಿಡೀಲಿ ಜನ ಇರ್ತಾರಾ, ಅದನ್ನ ಹೋಗಿ ನೋಡಿ. ಪೇಷಂಟ್ ಇಲ್ಲದ ಕಡೆ ಓದಿ ಬಂದ ಮಕ್ಕಳಿಗೆ ರೆಟಿನೋಸ್ಕೋಪ್ ಹಿಡಿಯೋಕೇ ಬರಲ್ಲ, ನಾನು ನೋಡ್ತಿದೀನಲ್ಲ.

ಜೀವನ ಹೇಗೆ ಅಂತ ಅಕ್ಕ ಕೇಳಿದ್ದು. ರಾತ್ರಿ ಡ್ಯೂಟಿ ನಮಗೆ ಹೆಚ್ಚಾಗಿ ಇರಲ್ಲ, ಅದೊಂದು ದೊಡ್ಡ ಸುಖ. ದಿನವಿಡೀ ಕತ್ತಲೆ ರೂಮಲ್ಲಿ ಕತ್ತು ಬಗ್ಗಿಸ್ಕೊಂಡಿರೋದ್ರಿಂದ ಕುತ್ತಿಗೆ ನೋವು ಗ್ಯಾರಂಟಿ. ಸಂಜೆ ಬೆಳಕು ಇರೋದ್ರೊಳಗೆ ಆಚೆ ಬರ್ಬೇಕು ಅಂತ ಜೀವ ಒದ್ದಾಡುತ್ತೆ. ನಾನು ಸೀದಾ ಕುಕ್ಕರಹಳ್ಳಿ ಕೆರೆಗೆ ಹೋಗ್ತೀನಿ, ಏರಿ ಮೇಲೆ ಒಂದು ಸುತ್ತು. ಹೆಜ್ಜಾರ್ಲೆ ಹಕ್ಕಿಗಳು, ಅದೇ ಪೆಲಿಕನ್ನು, ಬಂದಿರೋ ಕಾಲದಲ್ಲಿ ಬೈನಾಕ್ಯುಲರ್ ತಗೊಂಡು ಹೋಗ್ತೀನಿ, ಮನೆಗೆ ಬರೋದು ತಡ ಆಗುತ್ತೆ, ಸಾರು ಮಾಡೋದು ನಮ್ಮ ಯಜಮಾನ್ರು. ತಿಂಗಳಲ್ಲಿ ಒಂದೋ ಎರಡೋ ಭಾನುವಾರ ಚಾಮರಾಜನಗರದ ಕಡೆ ಕ್ಯಾಂಪು, ಅದು ನನ್ನ ಇಷ್ಟದ್ದು, ಯಾರ ಬಲವಂತವೂ ಇಲ್ಲ. ಬಲವಂತ ಅಂದ್ರೆ ನಿಮ್ಮದು. ಯಾವ ಮದುವೆಗೆ ಹೋದ್ರೂ ಊಟದ ಎಲೆ ಮುಂದೆ ಕೂತಾಗ ಯಾರಾದ್ರೂ ಕನ್ನಡಕ ಕಳಚಿ ಕೈಗೆ ಕೊಡ್ತೀರಿ, "ಇದು ಸರಿಯಾಗಿದೆಯಾ ನೋಡೇ" ಅಂತ.

ರಾತ್ರಿ ಫೋನ್ ಬಂದ್ರೆ ಅದು ಒಂದೇ ಕಾರಣಕ್ಕೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೋದ್ಮೇಲೆ, ಅವರ ಎರಡು ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಭಾಗದ, ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ರಲ್ಲ, ಅಲ್ಲಿಂದೀಚೆಗೆ ನಮ್ಮ ಬೀದೀಲಿ ಯಾರಾದ್ರೂ ತೀರ್ಕೊಂಡ್ರೆ ಕಣ್ಣು ದಾನ ಮಾಡೋದು ಹೇಗೆ ಅಂತ ನನ್ನನ್ನ ಕೇಳ್ತಾರೆ. ಐ ಬ್ಯಾಂಕಿಗೆ ತಕ್ಷಣ ಫೋನ್ ಮಾಡಿ, ಜೀವ ಹೋಗಿ 6 ಗಂಟೆ ಆಗೋದ್ರೊಳಗೆ ಕಣ್ಣು ತಗೋಬೇಕು, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ. ಇಷ್ಟು ಹೇಳಿ ನಾನೂ ಹೊರಡ್ತೀನಿ. ಪೊರೆ ಆಪರೇಷನ್ ಆದೋರದ್ದೂ, ಕನ್ನಡಕ ಹಾಕೋರದ್ದೂ ಆಗುತ್ತೆ.

ಈಗ ಪುಟ್ಟಿಗೆ. ಡಾಕ್ಟ್ರಾಗೋಕೆ ಆಗಲಿಲ್ಲ ಅನ್ನೋ ಕೊರಗು ಇಟ್ಕೊಂಡು ಇದಕ್ಕೆ ಬರಬೇಡ ಪುಟ್ಟಿ. ಇನ್ನೊಂದು ಸಲ ನೀಟ್ ಬರಿಬೇಕು ಅನಿಸಿದ್ರೆ ಬರಿ, ಅಪ್ಪ ಅಮ್ಮಂಗೆ ನಾನು ಹೇಳ್ತೀನಿ. "ಒಂದನೇದಾ, ಎರಡನೇದಾ" ಅಂತ ದಿನದ ಕೊನೇ ಪೇಷಂಟಿಗೂ ಮೊದಲನೆಯವರಿಗೆ ಕೇಳಿದ ದನಿಯಲ್ಲೇ ಕೇಳೋಕೆ ನಿನ್ನ ಕೈಲಿ ಆಗುತ್ತಾ, ಅದನ್ನ ಯೋಚನೆ ಮಾಡು. ನಮ್ಮ ಮೇಲಧಿಕಾರಿಗಳನ್ನ ಕೇಳಿದೀನಿ, ಶನಿವಾರ ಬೆಳಿಗ್ಗೆ ನನ್ನ ರೂಮಲ್ಲಿ ಒಂದು ಮೂಲೇಲಿ ಕೂತು ನೋಡಬಹುದು ಅಂದಿದಾರೆ. ಒಂಬತ್ತಕ್ಕೆ ಬಾ, ತಿಂಡಿ ತಿಂದ್ಕೊಂಡು ಬಾ. ದೊಡ್ಡಪ್ಪನ್ನೂ ಜತೇಲಿ ಕರ್ಕೊಂಡು ಬಾ, ಹಳೇ ಕನ್ನಡಕ ಎಷ್ಟಿದಾವೋ ಅಷ್ಟೂ ತರಲಿ. ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕ್ತೀವಿ, ಮಧ್ಯಾಹ್ನದ ತನಕ ಮಂಜಾಗಿರುತ್ತೆ, ಅದಕ್ಕೇ ಭಾವ, ನೀವೇ ಕಾರಲ್ಲಿ ಕರ್ಕೊಂಡು ಬನ್ನಿ, ದೊಡ್ಡಪ್ಪನ ಕೈಗೆ ಸ್ಕೂಟರ್ ಕೀ ಕೊಡಬೇಡಿ.