ಪದಚರ್ಚೆ: ಸಿಂಥ್‌ನ ‘ವಾಯ್ಸ್’ಗೆ ದನಿ ಅನ್ನಬಹುದಾ? ‘ವಾಯ್ಸ್ ಸ್ಟೀಲಿಂಗ್’ಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಮಂಡ್ಯದಿಂದ ಬರೀತಿದೀನಿ. ಗುತ್ತಲು ರಸ್ತೆ ಕಡೆ ಒಂದು ಸಣ್ಣ ರೆಕಾರ್ಡಿಂಗ್ ರೂಮ್ ಇಟ್ಕೊಂಡಿದೀನಿ, ಪೌರಾಣಿಕ ನಾಟಕ, ಆರ್ಕೆಸ್ಟ್ರಾ, ದೇವರ ಹಾಡು ಇಂಥವಕ್ಕೆ ಟ್ರ್ಯಾಕ್ ಮಾಡಿಕೊಡೋದು ಕೆಲಸ. ಈಗ ಕಂಪ್ಯೂಟರ್ ಇಲ್ದೇನೆ ತಾನೇ ಪೂರ್ತಿ ಹಾಡು ಕಟ್ಟೋ ಪೆಟ್ಟಿಗೆಗಳು ಬಂದಿವೆಯಲ್ಲ, ಅಕಾಯ್ ಎಂಪಿಸಿ ಥರದವು, ಅದನ್ನ ನಾಲ್ಕು ಹುಡುಗ್ರಿಗೆ ಹೇಳಿಕೊಡ್ತಿದೀನಿ. ಅವರಿಗೆ ಕನ್ನಡದಲ್ಲೇ ಹತ್ತು ಪುಟ ಟಿಪ್ಪಣಿ ಬರ್ಕೊಡೋಣ ಅಂತ ಕೂತೆ, ಮೂರನೇ ಪುಟಕ್ಕೇ ಪೆನ್ನು ನಿಂತೋಯ್ತು, ‘ಪಾಲಿಫೋನಿ’ ಅನ್ನೋ ಪದದ ಹತ್ರ.

ನಿಘಂಟು ಕೇಳಿದ್ರೆ ಬಹುಧ್ವನಿ, ಬಹುಸ್ವರತೆ ಅಂತ ಸಿಗುತ್ತೆ. ತಪ್ಪಲ್ಲ, ಆದ್ರೆ ಅದು ಬೇರೆ ಪಾಲಿಫೋನಿ. ಒಂದೇ ಹೊತ್ತಿಗೆ ಎರಡು ಮೂರು ರಾಗಧಾರೆ ಒಂದರ ಪಕ್ಕ ಒಂದು ಸ್ವತಂತ್ರವಾಗಿ ನಡೆಯೋ ಪಾಶ್ಚಾತ್ಯ ಸಂಗೀತದ ಪದ್ಧತಿ ಅದು. ಜಯಚಾಮರಾಜ ಒಡೆಯರು ಪಿಯಾನೋ ಕಲಿತು, ಮೆಡ್ನರ್ ಅನ್ನೋ ರಷ್ಯನ್ ಸಂಗೀತಗಾರನ ಕೃತಿಗಳನ್ನ ರೆಕಾರ್ಡ್ ಮಾಡಿಸೋಕೆ ಹಣ ಕೊಟ್ಟ ಮೈಸೂರು ಸೀಮೆಗೆ ಆ ಅರ್ಥ ಹೊಸದೇನಲ್ಲ. ಸಾಹಿತ್ಯ ವಿಮರ್ಶೆಯವರೂ ಕಾದಂಬರಿ ಬಗ್ಗೆ ಬರೆಯುವಾಗ ಬಹುಧ್ವನಿ ಅಂತಾರೆ. ಸಿಂಥ್ ಅಂದ್ರೆ ಸಿಂಥಸೈಜರ್, ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸೋ ವಾದ್ಯ. ಅದರೋರಿಗೆ ಮಾತ್ರ ಪಾಲಿಫೋನಿ ಅಂದ್ರೆ ಬರೀ ಒಂದು ಎಣಿಕೆ, ಒಟ್ಟಿಗೆ ಎಷ್ಟು ವಾಯ್ಸ್, ಅಂದ್ರೆ ಯಂತ್ರ ಹುಟ್ಟಿಸೋ ಸದ್ದಿನ ಎಳೆ, ಹೊರಡುತ್ತೆ ಅನ್ನೋದು. 1970ರ ಮಿನಿಮೂಗ್‌ದು ಒಂದೇ, 1978ರ ಪ್ರಾಫೆಟ್-5ರದ್ದು ಐದು, 1983ರ ಯಮಾಹಾ ಡಿಎಕ್ಸ್7ದು 16. “ಇದರ ಬಹುಧ್ವನಿ ಎಷ್ಟು?” ಅಂತ ಕೇಳಿದ್ರೆ ಕನ್ನಡ ಅನ್ನಿಸಲ್ಲ. “ಇದು ಎಷ್ಟು ದನಿದು?” ಅಂದ್ರೆ ಹುಡುಗ್ರು ತಟ್ಟನೆ ಉತ್ತರ ಹೇಳ್ತಾರೆ, ನಾನು ಕೇಳಿ ನೋಡಿದೀನಿ. ಎರಡು ಕಟ್ಟೆ, ಐದು ಕಟ್ಟೆ ಅಂತ ಶ್ರುತಿ ಎಣಿಸೋ ಹಾಗೆ ಎಂಟು ದನಿ, ಹದಿನಾರು ದನಿ.

ಸ್ವರ ಅಂತ ಯಾಕೆ ಬೇಡ ಅಂದ್ರೆ ಲೆಕ್ಕ ತಪ್ಪುತ್ತೆ. 1988ರ ಕೋರ್ಗ್ ಎಂ1 ಕೀಬೋರ್ಡ್ 16 ದನಿದು, ಆದ್ರೆ ಎರಡು ಪದರ ಸೇರಿಸಿರೋ ಸೌಂಡ್ ಹಾಕ್ಕೊಂಡ್ರೆ ಒಂದು ಕೀಲಿ ಒತ್ತಿದ್ರೂ ಎರಡು ದನಿ ಖರ್ಚು, ಎಂಟು ಸ್ವರಕ್ಕೇ ಮುಗೀತು. ಪ್ರಾಫೆಟ್‌ನ ಯೂನಿಸನ್‌ಗೆ ಹಾಕಿದ್ರೆ ಐದೂ ದನಿ ಸೇರ್ಕೊಂಡು ಒಂದೇ ಷಡ್ಜ ನುಡಿಯುತ್ತೆ. ಸ್ವರ ಬೆರಳಿನ ಲೆಕ್ಕ, ದನಿ ಯಂತ್ರದ ಲೆಕ್ಕ, ಎರಡಕ್ಕೂ ಒಂದೇ ಪದ ಹಾಕಿದ್ರೆ ಪಾಠ ಕೆಡುತ್ತೆ. ಶಾರೀರ, ಕಂಠ ಎರಡೂ ಚೆಂದದ ಪದಗಳು, ಆದ್ರೆ ಅವು ಮನುಷ್ಯರವು, ಯಂತ್ರಕ್ಕೆ ಕೊಡೋಕೆ ನಂಗೆ ಮನಸ್ಸಿಲ್ಲ.

ಇನ್ನು ನಿಜವಾದ ಕಷ್ಟಕ್ಕೆ ಬರ್ತೀನಿ. ಹಳೇ ಸಿಂಥ್‌ಗಳಲ್ಲಿ ಒಂದೊಂದು ದನಿಗೆ ಒಂದೊಂದು ಸರ್ಕ್ಯೂಟ್ ಇರೋದು, ಐದು ಅಂದ್ರೆ ಐದೇ. ಈಗಿನ ಪೆಟ್ಟಿಗೆಯೊಳಗಿನ ಸಿಂಥ್ ಬರೀ ಸಾಫ್ಟ್‌ವೇರು, ಪ್ರಾಸೆಸರ್ ಕೂತು ಪ್ರತಿ ದನಿಯ ಅಲೆಯನ್ನ ಗುಣಾಕಾರ ಹಾಕಿ ಹುಟ್ಟಿಸಬೇಕು. ಸೆಕೆಂಡಿಗೆ 44,100 ಸ್ಯಾಂಪಲ್ (ಅಲೆಯ ಒಂದೊಂದು ಅಳತೆ) ಅಂದ್ಕೊಂಡ್ರೆ, ಅದನ್ನ 128ರ ಕಂತಿನಲ್ಲಿ ಕೊಡೋದಾದ್ರೆ ಒಂದು ಕಂತಿಗೆ ಸಿಗೋ ಸಮಯ ಸುಮಾರು 2.9 ಮಿಲಿಸೆಕೆಂಡು. ಅಷ್ಟರೊಳಗೆ ಎಲ್ಲಾ ಟ್ರ್ಯಾಕಿನ ಎಲ್ಲಾ ದನಿ, ಅದರ ಮೇಲೆ ರಿವರ್ಬು ಅನ್ನೋ ಪ್ರತಿಧ್ವನಿ, ಎಲ್ಲಾ ಲೆಕ್ಕ ಮುಗಿದಿರಬೇಕು, ಮುಗೀಲಿಲ್ಲ ಅಂದ್ರೆ ಸ್ಪೀಕರಿನಲ್ಲಿ ಕರಕರ. ಹಂಗಾಗಬಾರದು ಅಂತಾನೇ ಒಂದೊಂದು ಸಿಂಥ್‌ಗೂ ಇಷ್ಟೇ ದನಿ ಅಂತ ಗೆರೆ ಹಾಕಿರ್ತಾರೆ. ರೆಕಾರ್ಡ್ ಆಗಿರೋ ಸದ್ದನ್ನ ಬರೀ ಓದಿ ನುಡಿಸೋ ಸ್ಯಾಂಪ್ಲರಿಗೆ ಇಷ್ಟು ಭಾರ ಇಲ್ಲ, ಅದಕ್ಕೇ ಅದರ ದನಿ ಜಾಸ್ತಿ, ಸಿಂಥ್‌ದು ಕಮ್ಮಿ. ಆ ಗೆರೆ ದಾಟಿ ಇನ್ನೊಂದು ಕೀಲಿ ಒತ್ತಿದಾಗ ಯಂತ್ರ ನುಡೀತಿರೋ ಒಂದು ದನಿಯನ್ನ ನಿಲ್ಲಿಸಿ, ಅದರ ಜಾಗವನ್ನ ಹೊಸ ಸ್ವರಕ್ಕೆ ಕೊಡುತ್ತೆ. ಇಂಗ್ಲಿಷಿನೋರು ಇದಕ್ಕೇ ವಾಯ್ಸ್ ಸ್ಟೀಲಿಂಗ್ ಅನ್ನೋದು.

ನಾನು ಹುಡುಗ್ರಿಗೆ ಹೇಳಿದ್ದು ಮದುವೆ ಊಟದ ಲೆಕ್ಕದಲ್ಲಿ. ಪಂಕ್ತಿಯಲ್ಲಿ ಎಂಟೇ ಎಲೆ, ಒಂಬತ್ತನೇಯವರು ಬಂದು ಬೆನ್ನ ಹಿಂದೆ ನಿಂತವ್ರೆ, ಮೊಸರನ್ನಕ್ಕೆ ಬಂದಿರೋರು ಏಳಬೇಕು. ಬೆರಳು ಎತ್ತಿದ ಮೇಲೂ ಗುಂಯ್ ಅಂತ ಉಳಿಯೋ ಅನುರಣನ ಇದೆಯಲ್ಲ, ಅದು ಮೊಸರನ್ನ. ಕೈ ಎತ್ತಿದೀನಲ್ಲ ಅಂತ ನಾವು ಅಂದ್ಕೊಳ್ತೀವಿ, ಎಲೆ ಇನ್ನೂ ಖಾಲಿ ಆಗಿರಲ್ಲ. ನಾಲ್ಕು ಬೆರಳಿನ ಕಾರ್ಡ್ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಎರಡು ಬದಲಾಯಿಸೋ ಹೊತ್ತಿಗೆ ಎಂಟು ದನಿ ಭರ್ತಿ ಆಗೋದು ಹಿಂಗೇ.

ಹೋದ ವಾರ ಮದ್ದೂರು ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು ರೂಮಿಗೆ ಬಂದಿದ್ರು, ನಾಟಕ ಕಲಿಸಿ ಕಲಿಸಿ ಬೆರಳು ಪಳಗಿರೋರು. ಸ್ಟ್ರಿಂಗ್ಸ್ ಸೌಂಡ್ ಹಾಕ್ಕೊಟ್ಟೆ, ಎಂಟು ದನಿಗೆ ಇಟ್ಟಿದ್ದೆ. ಎಡಗೈಯಲ್ಲಿ ಷಡ್ಜ-ಪಂಚಮ ಒತ್ತಿ ಹಿಡಿದು ಬಲಗೈಯಲ್ಲಿ ಮೋಹನ ಶುರು ಮಾಡಿದ್ರು, ಎರಡು ಸುತ್ತು ಹೋಗೋಷ್ಟರಲ್ಲಿ ಕೆಳಗಿನ ಷಡ್ಜ ಮಾಯ. ಬೆರಳು ಇನ್ನೂ ಕೀಲಿ ಮೇಲೇ ಇದೆ. ನಿಲ್ಲಿಸಿ ಬೆರಳನ್ನೇ ನೋಡ್ಕೊಂಡು, “ಏನಪ್ಪಾ, ನಾನಿನ್ನೂ ಕೈಯೇ ಎತ್ತಿಲ್ಲ, ಷಡ್ಜನೇ ನುಂಗ್ಬುಡ್ತಲ್ಲ ಇದು” ಅಂದ್ರು. ಹಾರ್ಮೋನಿಯಂನಲ್ಲಿ ಪ್ರತಿ ಕೀಲಿಗೂ ಅದರದ್ದೇ ರೀಡು, ಅವರಿಗೆ ಇದು ಯಾವತ್ತೂ ಆಗಿರೋದಲ್ಲ. ಎಲ್ಲಕ್ಕಿಂತ ಹಳೇ ದನಿಯನ್ನ ಮೊದಲು ನಿಲ್ಲಿಸು ಅಂತ ಆ ಸೌಂಡಿಗೆ ನಿಯಮ ಇತ್ತು, ನಮ್ಮ ಸಂಗೀತದಲ್ಲಿ ಎಲ್ಲಕ್ಕಿಂತ ಹಳೇ ದನಿ ಅಂದ್ರೆ ಶ್ರುತಿನೇ, ಅದೇ ಮೊದಲು ಹೋಯ್ತು. ಕೆಲವು ಸಿಂಥ್‌ಗಳಲ್ಲಿ ಕೆಳಗಿನ ಸ್ವರವನ್ನ ಕಾಪಾಡೋ, ಇಲ್ಲಾ ಎಲ್ಲಕ್ಕಿಂತ ಮೆಲ್ಲಗಿರೋದನ್ನ ಬಿಡಿಸೋ ಏರ್ಪಾಡು ಇರುತ್ತೆ, ಇದರಲ್ಲಿ ಇರ್ಲಿಲ್ಲ. ಕೊನೆಗೆ ಶ್ರುತಿಯನ್ನ ಬೇರೆ ಟ್ರ್ಯಾಕಿಗೆ ಹಾಕಿ, ಅದನ್ನ ಆಡಿಯೋ ಆಗಿ ರೆಕಾರ್ಡ್ ಮಾಡ್ಕೊಂಡು ಕೆಲಸ ಮುಗಿಸಿದ್ವಿ.

ಮೇಷ್ಟ್ರ ‘ನುಂಗ್ಬುಡ್ತು’ ಮಾತ್ರ ತಲೆಯಲ್ಲಿ ಕೂತಿದೆ. ಓದುವಾಗ ಅಕ್ಷರ ನುಂಗ್ತಾನೆ ಅನ್ನೋ ಬಳಕೆ ಇದ್ದೇ ಇದೆ, ಕೇಳೋರ ಕಿವಿಗೆ ಆಗೋದು ಅದೇ. ಆದ್ರೆ ಜಾಗ ಇನ್ನೊಬ್ಬರಿಗೆ ಹೋಯ್ತು ಅನ್ನೋ ಅರ್ಥ ಅದರಲ್ಲಿ ಬರಲ್ಲ. ಬೇರೆ ಪದ ಯೋಚನೆ ಮಾಡಿದೆ, ಒಂದೊಂದಕ್ಕೂ ಒಂದೊಂದು ತೊಡಕು. ದನಿಗಳ್ಳತನ ಅಂದ್ರೆ ಈಗಿನ ಕಾಲಕ್ಕೆ ಯಾರದ್ದೋ ಧ್ವನಿಯನ್ನ ನಕಲು ಮಾಡಿದಂಗೆ ಕೇಳುತ್ತೆ. ಕಸಿಯೋದು ಅರ್ಥಕ್ಕೆ ಹತ್ರ, ಆದ್ರೆ ‘ದನಿ ಕಸಿ’ ಅಂತ ಬರೆದ ಕೂಡಲೇ ಮಾವಿನ ಕಸಿ, ಕಿಡ್ನಿ ಕಸಿ ನೆನಪಾಗುತ್ತೆ. ಪಂಕ್ತಿಯಿಂದ ಎಬ್ಬಿಸೋದು ಅಂತಿಟ್ಕೊಂಡು ‘ದನಿ ಎಬ್ಬಿಸು’ ಅಂದ್ರೆ ಪೂರ್ತಿ ಉಲ್ಟಾ, ಸದ್ದು ಮಾಡು ಅಂತಾಗುತ್ತೆ. ‘ಅಡಗಿಸು’ ಅಂದ್ರೆ ಪ್ರತಿಭಟನೆಯ ಸುದ್ದಿ ಥರ ಇರುತ್ತೆ.

ಅರ್ಥಕ್ಕೆ ಕರಾರುವಾಕ್ಕಾಗಿ ಕೂರೋದು ಒಂದೇ, ಒಕ್ಕಲೆಬ್ಬಿಸೋದು. ಇದ್ದೋರನ್ನ ಬಿಡಿಸಿ ಆ ಜಾಗ ಇನ್ನೊಂದಕ್ಕೆ ಕೊಡೋದು, ಯಂತ್ರ ಮಾಡೋದೂ ಅದನ್ನೇ. ಆದ್ರೆ ನಾನಿರೋದು ಮಂಡ್ಯದಲ್ಲಿ. ಕೆಆರ್‌ಎಸ್ ಕಟ್ಟೆ ಕಟ್ಟುವಾಗ ಹಳೇ ಕನ್ನಂಬಾಡಿಯೇ ನೀರಲ್ಲಿ ಮುಳುಗಿ ಅಲ್ಲಿದ್ದೋರು ಒಕ್ಕಲೆದ್ದು ಹೋದ ಸೀಮೆ ಇದು, ಆ ಪದದ ಹಿಂದೆ ಮನೆ, ಗದ್ದೆ, ಗುಡಿ ಇವೆ. ಅದನ್ನ ತಗೊಂಡು ಒಂದು ಪೆಟ್ಟಿಗೆಯ ಮೆನುವಿಗೆ ಹಾಕೋಕೆ ನಂಗೆ ಕೈ ಬರ್ತಿಲ್ಲ.

ಸದ್ಯಕ್ಕೆ ಟಿಪ್ಪಣಿಯಲ್ಲಿ “ಎಂಟು ದನಿ ಮೀರಿದ್ರೆ ಹಳೇ ದನಿಯನ್ನ ನುಂಗುತ್ತೆ” ಅಂತ ಬರೆದಿದೀನಿ, ಕ್ರಿಯಾಪದವಾಗಿ ಚೆನ್ನಾಗೇ ನಡೆಯುತ್ತೆ. ಸೆಟ್ಟಿಂಗಿನ ಹೆಸರಾಗಿ ಬರೆಯೋಕೆ ಒಂದು ನಾಮಪದ ಬೇಕು. ‘ದನಿನುಂಗು’ ಅಂತ ಬರೆದೆ, ಒಬ್ಬ ಹುಡುಗ ತಾಟಿನುಂಗಾ ಸಾರ್ ಅಂದ, ಹೊಡೆದು ಹಾಕಿದೆ. ವಾಲಗದೋರು, ಭಜನೆ ಮಂಡಳಿಯೋರು, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋರು ಯಾರಾದ್ರೂ ಇಲ್ಲಿದ್ರೆ, ನುಡಿಸ್ತಾ ಇರುವಾಗಲೇ ಹಿಡಿದ ಸ್ವರ ಹೋಗಿಬಿಟ್ರೆ ನೀವು ಬಾಯಲ್ಲಿ ಏನಂತೀರಿ, ಆ ಮಾತನ್ನ ಇದ್ದದ್ದು ಇದ್ದಂಗೇ ಬರೀರಿ. ಬಹುಧ್ವನಿಯನ್ನ ಪಾಶ್ಚಾತ್ಯ ಸಂಗೀತಕ್ಕೆ ಬಿಟ್ಟು ಎಣಿಕೆಗೆ ದನಿ ಇಟ್ಕೊಳೋದರಲ್ಲಿ ವ್ಯಾಕರಣದ ತಕರಾರು ಏನಾದ್ರೂ ಇದ್ರೆ ಅದನ್ನೂ ತಿಳಿಸಿ.