ಬೂಜು ಬಂದ ದ್ರಾಕ್ಷಿಯಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಅಂತಾರೆ, ನಿಜಾನಾ?

ಚಪ್ಪರದಡಿ:
ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದೂವರೆ ಎಕರೆ ಬೆಂಗಳೂರು ಬ್ಲೂ. ಕಟಾವಿಗೆ ಎಂಟು ದಿನ ಇದೆ ಅನ್ನುವಾಗ ಮಳೆ ಹಿಡಿದು ಮೂರು ದಿನ ಬಿಡಲಿಲ್ಲ, ಈಗ ನೋಡಿದರೆ ಗೊಂಚಲಿನ ಒಳಗೆಲ್ಲ ಬೂದು ಬಣ್ಣದ ಬೂಜು. ವ್ಯಾಪಾರಿ ಬಂದು ನೋಡಿ ಮಾತಾಡದೆ ಹೋದ. ಭಾವಮೈದ ವಾಟ್ಸಾಪ್‌ನಲ್ಲಿ ಮೆಸೇಜ್ ಕಳಿಸಿದ್ದಾನೆ, ರೋಗ ಬಿದ್ದ ದ್ರಾಕ್ಷಿಯಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿಯಂತೆ, ಜ್ಯೂಸ್ ಮಾಡಿ ಮಾರು ಅಂತ. ಸುಮ್ನೆ ಸಮಾಧಾನಕ್ಕೆ ಹೇಳಿದನೋ, ನಿಜ ಏನಾದರೂ ಇದೆಯೋ?

ಲ್ಯಾಬ್ ಕೋಟು:
ಅರ್ಧ ನಿಜ ಅಣ್ಣಾ. ಶಿಲೀಂಧ್ರ ತಗುಲಿದರೆ ದ್ರಾಕ್ಷಿ ಬಳ್ಳಿ ರೆಸ್ವೆರಟ್ರಾಲ್ ಅನ್ನುವ ಆಂಟಿಆಕ್ಸಿಡೆಂಟ್ ವಸ್ತು ಮಾಡಿಕೊಳ್ಳುತ್ತದೆ. ರೋಗ ಹರಡದ ಹಾಗೆ ತಡೆಯಲು ಅದರ ಸ್ವಂತ ಔಷಧಿ ಅದು. 1976ರಲ್ಲೇ ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ದ್ರಾಕ್ಷಿ ಎಲೆಯಲ್ಲಿ ಇದನ್ನು ತೋರಿಸಿದ್ದರು. ಆ ಮೆಸೇಜ್ ಹುಟ್ಟಿದ್ದು ಇಂಥದ್ದರಿಂದಲೇ ಇರಬೇಕು. ಆದರೆ ಈ ವಸ್ತು ಸೇರುವುದು ಕೊಳೆತ ಜಾಗದಲ್ಲಲ್ಲ, ಅದರ ಸುತ್ತ ಇನ್ನೂ ಗಟ್ಟಿಯಾಗಿರುವ ಭಾಗದಲ್ಲಿ. ಅದೂ ಕಾಯಿ ಹಸಿರಾಗಿದ್ದಾಗ ಚೆನ್ನಾಗಿ ಮಾಡುತ್ತದೆ, ಹಣ್ಣಾಗುತ್ತಾ ಬಂದಂತೆ ಆ ಶಕ್ತಿ ಇಳಿಯುತ್ತದೆ. ನಿಮ್ಮದು ಕಟಾವಿಗೆ ಬಂದ ಹಣ್ಣು ಅಲ್ವಾ? ಬೂದು ಬೂಜು ಅಂದರೆ ಬಹುಶಃ ಬೋಟ್ರೈಟಿಸ್ ಅನ್ನುವ ಶಿಲೀಂಧ್ರ. ಅದು ಲ್ಯಾಕೇಸ್ ಅನ್ನುವ ಕಿಣ್ವ ಬಿಡುತ್ತದೆ, ಬಳ್ಳಿ ಕಷ್ಟಪಟ್ಟು ಮಾಡಿದ ರೆಸ್ವೆರಟ್ರಾಲ್ ಜೊತೆಗೆ ಸಿಪ್ಪೆಗೆ ನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಕೂಡ ಅದರ ಕೈಯಲ್ಲಿ ಹಾಳಾಗುತ್ತದೆ.

ಹಳೇ ತೋಟ:
ನಾನೂ ಒಂದು ವರ್ಷ ಹೀಗೇ ಆಸೆಪಟ್ಟು ಎರಡು ಡ್ರಮ್ ರಸ ಹಿಂಡಿಸಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಟೀ ಡಿಕಾಕ್ಷನ್ ಬಣ್ಣ. ಹಿಂಡಿದ ಕೂಲಿಯೂ ಹೋಯಿತು. ಈಗ ಮೊದಲು ಒಂದು ಗ್ಲಾಸ್ ರಸ ಹಿಂಡಿ, ಮುಚ್ಚದೆ ರಾತ್ರಿಯಿಡೀ ಇಟ್ಟು ನೋಡುತ್ತೇನೆ. ಕಂದಾದರೆ ಆ ಸಾಲಿನ ಹಣ್ಣು ನೇರ ಗುಂಡಿಗೆ.

ಚಪ್ಪರದಡಿ:
ಹಿಂಡಿದ ತಕ್ಷಣ ಕುದಿಸಿದರೆ?

ಲ್ಯಾಬ್ ಕೋಟು:
ಕುದಿಸಿದರೆ ಲ್ಯಾಕೇಸ್ ಕೆಲಸ ನಿಲ್ಲುತ್ತದೆ. ಹಣ್ಣಿನಲ್ಲೇ ಹಾಳಾಗಿರುವುದು ಮಾತ್ರ ವಾಪಸ್ ಬರುವುದಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಒಡೆದ ಹಣ್ಣಿನಲ್ಲಿ ಕಪ್ಪು ಬೂಜೂ ಸೇರಿದ್ದರೆ ಓಕ್ರಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಕುದಿಸಿದರೂ ಹೋಗುವುದಿಲ್ಲ. ಮಾರುವ ಜ್ಯೂಸಿಗೆ ಬೂಜು ಬಂದ ಹಣ್ಣು ಹಾಕಲೇಬೇಡಿ. ಬೂಜಿಲ್ಲದ ಗೊಂಚಲನ್ನು ಇವತ್ತೇ ಬಿಡಿಸಿ ಬೇರೆ ಮಾಡಿ, ನಾಳೆ ಅಂದರೆ ಅದಕ್ಕೂ ಹಬ್ಬುತ್ತದೆ.

ಚಪ್ಪರದಡಿ:
ಸರಿ ಮೇಡಂ, ಆಳುಗಳಿಗೆ ಹೇಳಿ ಬಂದೆ. ಒಂದು ಗ್ಲಾಸ್ ರಸವನ್ನೂ ಕಿಟಕಿ ಮೇಲೆ ಇಟ್ಟಿದ್ದೇನೆ. ಕಂದಾದರೆ ಫೋಟೋ ಮೊದಲು ಭಾವಮೈದನಿಗೇ.