ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ಕ್ಲಾಸ್‌ಮೇಟ್‌ಗಳ ಬಗ್ಗೆ ಏನಂತ ಬರೆಯಲಿ?

ಪ್ರಶ್ನೆ:
ನನ್ನ ಪಿಎಚ್‌ಡಿ ಥೀಸಿಸ್ ಮುಂದಿನ ವಾರ ಪ್ರಿಂಟ್‌ಗೆ ಹೋಗುತ್ತದೆ. ಕೃತಜ್ಞತೆ ಪುಟ ಮಾತ್ರ ಬಾಕಿ. ಗೈಡ್‌ಗೆ, ಮನೆಯವರಿಗೆ ಬರೆದು ಮುಗಿಸಿದೆ. ಕ್ಲಾಸ್‌ಮೇಟ್‌ಗಳ ಹತ್ತಿರ ಬಂದಾಗ ಕೈ ನಿಂತುಬಿಟ್ಟಿದೆ.

ನಾವು ಒಂದೇ ಬ್ಯಾಚ್‌ನ ನಾಲ್ಕು ಜನ, ವಿಷಯ ಸ್ಟ್ಯಾಟಿಸ್ಟಿಕ್ಸ್. ಕೋರ್ಸ್‌ವರ್ಕ್ ಪರೀಕ್ಷೆಗೆ ಒಟ್ಟಿಗೆ ಓದಲು ಶುರು ಮಾಡಿದ್ದು ಸುಮ್ನೆ ಅನುಕೂಲಕ್ಕೆ. ಖಾಲಿ ಕ್ಲಾಸ್‌ರೂಮ್ ಸಿಕ್ಕರೆ ಒಬ್ಬರು ಬೋರ್ಡ್ ಹತ್ತಿರ ನಿಂತು ಪ್ರೂಫ್ ವಿವರಿಸಬೇಕು, ಅರ್ಥ ಆಗದ ಕಡೆ ಉಳಿದವರು ತಡೆಯಬೇಕು. ‘ಇದು ನನಗೆ ಗೊತ್ತಾಗಲಿಲ್ಲ’ ಅಂತ ಅಳುಕಿಲ್ಲದೆ ಹೇಳಬಹುದಾದ ಜಾಗ ನನಗೆ ಅದೊಂದೇ ಆಗಿತ್ತು.

ನನ್ನ ಮೊದಲ ಪೇಪರ್ ತಿರಸ್ಕೃತವಾದಾಗ ರಿವ್ಯೂವರ್‌ಗಳ ಟಿಪ್ಪಣಿ ತೆರೆದು ನೋಡಲೂ ಧೈರ್ಯ ಬರಲಿಲ್ಲ. ಗೆಳೆಯನೊಬ್ಬ ಅದನ್ನು ಪ್ರಿಂಟ್ ತೆಗೆದು, ಪಕ್ಕದಲ್ಲಿ ಕೂತು, ಪ್ರತಿ ಟಿಪ್ಪಣಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾ ಹೋದ. ‘ಇದು ಅರ್ಧ ದಿನದ ಕೆಲಸ.’ ‘ಇದಕ್ಕೆ ಉತ್ತರ ನಿನ್ನ ಮೂರನೇ ಟೇಬಲ್‌ನಲ್ಲೇ ಇದೆ.’ ‘ಇವರು ಹೇಳಿದ್ದು ಸರಿ, ಹೊಸದಾಗಿ ಮಾಡಬೇಕು.’ ಕೊನೆಯ ಹಾಳೆ ತಲುಪುವಷ್ಟರಲ್ಲಿ ಅದು ನನಗೆ ಮಾಡಬೇಕಾದ ಕೆಲಸಗಳ ಪಟ್ಟಿಯಾಗಿತ್ತು. ಅವತ್ತು ಅವನದೇ ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಬಾಕಿ ಇತ್ತು.

ಇಷ್ಟನ್ನೆಲ್ಲ ‘ಸಹಪಾಠಿಗಳ ಸಹಕಾರಕ್ಕೆ ಧನ್ಯವಾದಗಳು’ ಅಂತ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಮಾತು. ನಮ್ಮಲ್ಲಿ ಒಬ್ಬಳು ನಡುವೆ ಪಿಎಚ್‌ಡಿ ಬಿಟ್ಟು ಹೋದಳು. ಅವಳ ಹೆಸರು ಹಾಕಿದರೆ ಅವಳಿಗೆ ನೋವಾಗಬಹುದಾ?

ಉತ್ತರ 1:
ಯಾರು ಏನು ಮಾಡಿದರೋ ಅದನ್ನೇ ಬರೆಯಿರಿ. ಒಬ್ಬೊಬ್ಬರಿಗೆ ಒಂದು ವಾಕ್ಯ ಸಾಕು, ಆದರೆ ಅದು ಅವರೊಬ್ಬರಿಗೇ ಒಪ್ಪುವಂತಿರಲಿ. ಐನ್‌ಸ್ಟೈನ್ 1905ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಅರ್ಪಿಸಿದ್ದು ಕ್ಲಾಸ್‌ಮೇಟ್ ಮಾರ್ಸೆಲ್ ಗ್ರಾಸ್‌ಮನ್‌ಗೆ. ಪರೀಕ್ಷೆಗೆ ಓದಿದ್ದು ಗ್ರಾಸ್‌ಮನ್ ನೀಟಾಗಿ ಬರೆದಿಟ್ಟ ನೋಟ್ಸ್‌ನಿಂದ. ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ ಸ್ವಿಟ್ಜರ್ಲೆಂಡಿನ ಬರ್ನ್‌ನ ಪೇಟೆಂಟ್ ಆಫೀಸಿನ ಕೆಲಸಕ್ಕೆ ಶಿಫಾರಸು ಮಾಡಿದ್ದೂ ಅದೇ ಗೆಳೆಯನ ತಂದೆ. ಅರ್ಪಣೆಯಲ್ಲಿ ಇದ್ದದ್ದು ಒಂದೇ ಸಾಲು, ‘ನನ್ನ ಗೆಳೆಯ’ ಅಂತ. ಉದ್ದ ಬರೆಯಲೇಬೇಕು ಅಂತ ಏನಿಲ್ಲ.

ಉತ್ತರ 2:
ನಿಮ್ಮ ಪ್ರಶ್ನೆ ಓದಿ ನನ್ನ ಬ್ಯಾಚ್ ನೆನಪಾಯಿತು. ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯ ಆಪ್ತ ಸ್ನೇಹವಾಗಲು ಸುಮಾರು 200 ಗಂಟೆಗಿಂತ ಜಾಸ್ತಿ ಒಟ್ಟಿಗೆ ಕಳೆಯಬೇಕು. ಒಂದೇ ಲ್ಯಾಬ್‌ನಲ್ಲಿ ಇರುವವರಿಗೆ ಇದು ತಾನಾಗಿ ಒದಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಯಾರೂ ನಮಗೆ ಅಷ್ಟು ಹೊತ್ತು ಕೊಡುವುದಿಲ್ಲ, ನಾವೇ ಎತ್ತಿಡಬೇಕು. ನಮ್ಮವರು ಈಗ ಬೇರೆ ಬೇರೆ ಊರುಗಳಲ್ಲಿದ್ದಾರೆ. ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಯಾರಾದರೊಬ್ಬರ ಅರೆಬರೆ ಡ್ರಾಫ್ಟ್ ಇಟ್ಟುಕೊಂಡು ಓದುತ್ತೇವೆ. ಬರೀ ಕುಶಲ ವಿಚಾರಿಸುವ ಕಾಲ್ ಆಗಿದ್ದರೆ ಎಂದೋ ನಿಂತುಹೋಗುತ್ತಿತ್ತು.

ಉತ್ತರ 3:
ನಾನು ನಡುವೆ ಬಿಟ್ಟು ಬಂದವಳು. ಇಬ್ಬರು ಕ್ಲಾಸ್‌ಮೇಟ್‌ಗಳು ತಮ್ಮ ಥೀಸಿಸ್‌ನಲ್ಲಿ ನನ್ನ ಹೆಸರು ಹಾಕಿದ್ದಾರೆ. ನನಗೆ ತುಂಬಾ ಸಂತೋಷ ಆಯಿತು. ನಾನು ಅಲ್ಲಿದ್ದೆ, ನನ್ನಿಂದಲೂ ಉಪಯೋಗ ಆಗಿದೆ ಅಂತ ಅವರು ಬರೆದಿಟ್ಟರು, ಅಲ್ವಾ? ಆದರೆ ಬಿಟ್ಟ ಕಾರಣ ಮಾತ್ರ ಬರೆಯಬೇಡಿ. ಥೀಸಿಸ್ ಆನ್‌ಲೈನ್‌ಗೆ ಹೋದರೆ ಯಾರು ಬೇಕಾದರೂ ಓದುತ್ತಾರೆ. ಮೊದಲು ಅವರನ್ನೇ ಒಂದು ಮಾತು ಕೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಅವಳಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹಾಕು’ ಅಂದಳು. ಅವಳ ಬಗ್ಗೆ ಬರೆದದ್ದು ಇಷ್ಟು: ‘ಎರಡನೇ ಅಧ್ಯಾಯದ ಮುಖ್ಯ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವಳು ಇವಳು.’ ಅದು ನಿಜ. ಬೋರ್ಡ್ ಮುಂದೆ ನಿಂತಿದ್ದ ನನ್ನನ್ನು ತಡೆದು ಕೇಳಿದ್ದಳು. ಉಳಿದಿಬ್ಬರ ಸಾಲುಗಳನ್ನು ಇವತ್ತು ರಾತ್ರಿ ಬರೆಯುತ್ತೇನೆ.